ಲೆಕ್ಕಕ್ಕೆ ಬಂದಳು, ಸಂಬಳ ಬಂತೇ?

ಮಹಿಳೆಯರ ಉದ್ಯೋಗ ಏರಿದೆ ಎಂದು ಲೇಖನ ಬರೆದ ಅರ್ಥಶಾಸ್ತ್ರಜ್ಞರು ಜೀವಮಾನವಿಡೀ ಕಾರ್ಮಿಕರ ಬಗ್ಗೆ ಸಂಶೋಧನೆ ಮಾಡಿದವರು, ಅವರ ಮೇಲೆ ಗೌರವವಿದೆ. ಆದರೆ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ (ಪಿಎಲ್‌ಎಫ್‌ಎಸ್) 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪ್ರಮಾಣ 2017-18ರ ಶೇ 23.3ರಿಂದ 2023-24ರಲ್ಲಿ ಶೇ 41.7ಕ್ಕೆ ಏರಿದ್ದು ಉದ್ಯೋಗ ನೀತಿಯ ಗೆಲುವು ಎಂಬ ಅವರ ಮಾತನ್ನು ಒಪ್ಪಲಾರೆ. ಅದೇ ಸಮೀಕ್ಷೆಯಲ್ಲಿ ನಗರದ ಅಂಕಿ ಶೇ 20.4ರಿಂದ 28ಕ್ಕಷ್ಟೇ ಬಂದಿದೆ. ಹಳ್ಳಿಯದು ಶೇ 24.6ರಿಂದ 47.6ಕ್ಕೆ ಜಿಗಿದಿದೆ. ಹೊಲದಲ್ಲೋ ಮನೆಯಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರನ್ನೂ ಈ ಸಮೀಕ್ಷೆ ಸ್ವಯಂ ಉದ್ಯೋಗಿಗಳೆಂದೇ ಎಣಿಸುತ್ತದೆ.

ಇಲ್ಲಿ ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಕೆಳಗೆ ಕುಂದಾಪುರ ಕಡೆಯ ದಂಪತಿ ದೋಸೆ ಹಿಟ್ಟು ಮಾರುತ್ತಾರೆ. ಉದ್ದು ತೊಳೆಯುವುದು, ರುಬ್ಬುವುದು, ಪೊಟ್ಟಣ ಕಟ್ಟುವುದು ಎಲ್ಲ ಆಕೆಯೇ. ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ ಕ್ಯೂಆರ್ ಕೋಡ್ ಮಾತ್ರ ಗಂಡನ ಹೆಸರಿನದು (ಬ್ಯಾಂಕ್ ಖಾತೆಯೂ ಅವನದೇ). ಸಮೀಕ್ಷೆಯವರು ಬಂದರೆ ಆಕೆಯೂ ಉದ್ಯೋಗಿ. ಆಕೆಯ ದುಡಿಮೆ ಲೆಕ್ಕಕ್ಕೆ ಸಿಕ್ಕಿದ್ದು ಒಳ್ಳೆಯದೇ, ತಕರಾರಿಲ್ಲ. ಅದನ್ನು ಹೊಸ ಉದ್ಯೋಗ ಸೃಷ್ಟಿಯ ಖಾತೆಗೆ ಜಮೆ ಮಾಡುವುದು ಯಾವ ನ್ಯಾಯ? ತಿಂಗಳ ಸಂಬಳ ಎಣಿಸಿಕೊಳ್ಳುವ ಮಹಿಳೆಯರ ಪಾಲು ಈ ವರ್ಷಗಳಲ್ಲಿ ಏನಾಯಿತು ಎಂಬುದನ್ನು ಲೇಖಕರು ಬೇರೆಯಾಗಿ ಕೇಳಬೇಕಿತ್ತು.