ಸತ್ಯಾಂಶ: ಗುದ್ದಿದ ಕಾರು ಸಿನಿಮಾದಂತೆ ಸಿಡಿಯುವುದಿಲ್ಲ

‘ಅಪಘಾತವಾದ ಕಾರು ಎರಡೇ ನಿಮಿಷದಲ್ಲಿ ಸ್ಫೋಟಿಸುತ್ತದೆ, ಒಳಗಿದ್ದವರನ್ನು ಹೇಗಾದರೂ ಹೊರಗೆಳೆಯಿರಿ. ಬೆಂಕಿಯೇ ಇಲ್ಲದ ಕಡೆ ಅಗ್ನಿಶಾಮಕದವರಿಗೇನು ಕೆಲಸ?’ ಇಂಥದ್ದೊಂದು ಸಂದೇಶ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತದೆ. ಎರಡೂ ಮಾತು ತಪ್ಪು.

ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಗಾಳಿಯೊಂದಿಗೆ ಹದವಾಗಿ ಬೆರೆತ ಅದರ ಆವಿ. ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಅತಿ ದಟ್ಟವಾಗಿರುವುದರಿಂದ ಅಲ್ಲಿ ಕಿಡಿ ಹೊತ್ತುವುದೇ ಕಷ್ಟ. ಡಿಕ್ಕಿಯಾದ ವಾಹನಕ್ಕೆ ಬೆಂಕಿ ಹತ್ತುವುದು ಅಪರೂಪ.

ಹಲವು ದೇಶಗಳ ಹಳ್ಳಿಗಾಡಿನಲ್ಲಿ ಕರೆ ಬಂದೊಡನೆ ಹೊಲ, ಅಂಗಡಿ ಬಿಟ್ಟು ಓಡಿಬರುವ ಸ್ವಯಂಸೇವಕ ಅಗ್ನಿಶಾಮಕರಿಗೆ ರಸ್ತೆ ಅಪಘಾತವೂ ಬೆಂಕಿಯಷ್ಟೇ ಪರಿಚಿತ ಕೆಲಸ. ನೋಡುವವರಿಗೆ ಅವರು ನಿಧಾನ ಅನ್ನಿಸಬಹುದು. ಮೊದಲು ದೊಡ್ಡ ವಾಹನವನ್ನು ರಸ್ತೆಗೆ ಓರೆಯಾಗಿ ನಿಲ್ಲಿಸಿ ಅಡ್ಡಗೋಡೆ ಮಾಡಿಕೊಳ್ಳುತ್ತಾರೆ. ಚಕ್ರಕ್ಕೆ ಅಡೆ ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುತ್ತಾರೆ. ತಂತಿ ಬಿಚ್ಚಿದ ಮೇಲೂ, ಡಿಕ್ಕಿಯಲ್ಲಿ ಉಬ್ಬದೆ ಉಳಿದ ಏರ್‌ಬ್ಯಾಗ್ ತಟ್ಟನೆ ಉಬ್ಬೀತೆಂದು ಎಚ್ಚರದಲ್ಲೇ ಇರುತ್ತಾರೆ. ಅಷ್ಟರಲ್ಲಿ ಒಬ್ಬರು ಹಿಂದಿನ ಸೀಟಿಗೆ ನುಸುಳಿ ಗಾಯಾಳುವಿನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಿರುತ್ತಾರೆ: ‘ಅಲ್ಲಾಡಬೇಡಿ, ನಾನಿದ್ದೇನೆ.’ ಆಮೇಲಷ್ಟೇ ಹೈಡ್ರಾಲಿಕ್ ಕತ್ತರಿ ಕಾರಿನ ಚಾವಣಿಯನ್ನೂ ಅದನ್ನು ಹೊತ್ತ ಕಂಬಗಳನ್ನೂ ಕತ್ತರಿಸುತ್ತದೆ. ಕಾರನ್ನು ಮನುಷ್ಯನ ಸುತ್ತಲಿಂದ ಬಿಡಿಸುವುದು ಈ ಕೆಲಸದ ಕ್ರಮ.

ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಒಂದೇ ಜಗ್ಗಾಟ ಬೆನ್ನುಹುರಿಗೆ ಕುತ್ತು ತರಬಹುದು. ಹಾಗೆಂದು ಕೈಕಟ್ಟಿ ನಿಲ್ಲಬೇಕಿಲ್ಲ: ಹಿಂದೆ ಬರುವ ವಾಹನಗಳನ್ನು ತಡೆಯಿರಿ, ಇಗ್ನಿಷನ್ ಆರಿಸಿ, ಸುರಿಯುವ ರಕ್ತವನ್ನು ಬಟ್ಟೆಯಿಂದ ಒತ್ತಿಹಿಡಿಯಿರಿ. ನಿಜವಾಗಿಯೂ ಬೆಂಕಿ ಕಂಡರೆ, ಕಾರು ನೀರಿನಲ್ಲಿ ಮುಳುಗುತ್ತಿದ್ದರೆ ಅಥವಾ ಗಾಯಾಳುವಿಗೆ ಉಸಿರೇ ಇಲ್ಲದಿದ್ದರೆ ಮಾತ್ರ ಕಾಯದೆ ಹೊರತೆಗೆಯಿರಿ.