ಹೊಸ ಒಡಂಬಡಿಕೆ ನಂಬಿದರೆ ಹಳೆಯದು ಬೇಡವೇ? ಒಂದು ಸ್ಪಷ್ಟನೆ

‘ಹೊಸ ಒಡಂಬಡಿಕೆ ನಂಬುವವರಿಗೆ ಬೈಬಲ್ಲಿನ ಹಳೆಯ ಭಾಗ ಬೇಕಿಲ್ಲ, ಕೊನೆಯ 27 ಪುಸ್ತಕ ಸಾಕು’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಆ 27 ಪುಸ್ತಕಗಳಿಗೆ ‘ಹೊಸ ಒಡಂಬಡಿಕೆ’ ಎಂಬ ಹೆಸರಿದೆ. ಆದರೆ ಒಡಂಬಡಿಕೆ ಅಂದರೆ ಮೊದಲಿಗೆ ಪುಸ್ತಕವಲ್ಲ, ದೇವರು ಕೊಟ್ಟ ಮಾತು. ‘ಹೊಸ ಒಡಂಬಡಿಕೆ’ ಎಂಬ ಮಾತು ಮೊದಲು ಸಿಗುವುದೇ ಹಳೆಯ ಭಾಗದಲ್ಲಿ, ಪ್ರವಾದಿ ಯೆರೆಮೀಯನ ಪುಸ್ತಕದ 31ನೇ ಅಧ್ಯಾಯದಲ್ಲಿ. ನನ್ನ ನಿಯಮವನ್ನು ಜನರ ಹೃದಯದಲ್ಲೇ ಬರೆಯುತ್ತೇನೆ, ಅವರ ಪಾಪವನ್ನು ಇನ್ನು ನೆನಪಿಗೆ ತಂದುಕೊಳ್ಳುವುದಿಲ್ಲ ಎನ್ನುತ್ತಾನೆ ದೇವರು. ಎಷ್ಟು ಸಲ ಓದಿದರೂ ನನಗೆ ಮನಸ್ಸು ತುಂಬಿ ಬರುತ್ತದೆ. ಸಾಯುವ ಮುಂಚೆ ಶಿಷ್ಯರ ಜೊತೆ ಮಾಡಿದ ಕಡೆಯ ಊಟದಲ್ಲಿ ಯೇಸು ದ್ರಾಕ್ಷಾರಸದ ಪಾತ್ರೆ ಕೊಟ್ಟು ಹೇಳಿದ್ದೂ ಇದೇ ಹೊಸ ಒಡಂಬಡಿಕೆಯನ್ನು (ಲೂಕ 22:20). ನಮ್ಮ ಭರವಸೆ ನಿಂತಿರುವುದು ಅಲ್ಲೇ ಅಲ್ವಾ?

ಮೊದಲನೆಯ ಒಡಂಬಡಿಕೆ ಹಳೆಯದಾಯಿತು ಎಂದು ಆ 27 ಪುಸ್ತಕಗಳಲ್ಲಿ ಒಂದಾದ ಇಬ್ರಿಯ 8:13 ಹೇಳುವುದು ನಿಜ. ಅದು ದೇವರು ಮೋಶೆಯ ಕಾಲದಲ್ಲಿ ಇಸ್ರಾಯೇಲ್ ಜನರೊಂದಿಗೆ ಮಾಡಿದ ಒಡಂಬಡಿಕೆಯ ಬಗ್ಗೆ. ಹಳೆಯ ಭಾಗದ ಪುಸ್ತಕಗಳನ್ನು ಮುಚ್ಚಿಡಿ ಎಂದಲ್ಲ. ಅದೇ ಅಧ್ಯಾಯ ಯೆರೆಮೀಯನ ಮಾತನ್ನು ಉದ್ದಕ್ಕೆ ಎತ್ತಿ ಹೇಳುತ್ತದೆ.