ಅಪ್ಪನ ಮಹಾಪ್ರಾಣ

ನಾಡಿದ್ದಿಗೆ ಅಪ್ಪ ತೀರಿಕೊಂಡು ಒಂದು ವರ್ಷ. ಬೆಟಗೇರಿಯಲ್ಲಿ ನಮ್ಮ ಓಣಿಯ ಮೂಲೆಗೆ ಒಂದು ಬ್ಯಾನರ್ ಕಟ್ಟಿಸಬೇಕೆಂದು ತಮ್ಮನ ಆಸೆ. ಹೋದ ಭಾನುವಾರ ಅವ್ವನನ್ನು ಕರೆದುಕೊಂಡು ಗದಗಿನ ಒಂದು ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಕಂಪ್ಯೂಟರಿನಲ್ಲಿ ಹತ್ತಾರು ಮಾದರಿ ತೋರಿಸಿದ. ಎರಡು ಕಡೆ ದೀಪ, ನಡುವೆ ಮೋಡ, ಮೋಡದೊಳಗೆ ಫೋಟೊ. ಕೆಳಗಿನ ಒಕ್ಕಣೆಯೂ ಸಿದ್ಧವಾಗಿತ್ತು: ‘ಕಷ್ಟಜೀವಿ, ಕಾಯಕಯೋಗಿ, ಆದರ್ಶ ಪತಿ, ಮಮತೆಯ ತಂದೆ.’ “ಹೆಸರು, ತಾರೀಖು ಹೇಳಿರಿ ಅಕ್ಕಾ, ಹತ್ತು ನಿಮಿಷದ ಕೆಲಸ” ಎಂದ.

ನನಗೆ ಸಿಟ್ಟು ಬಂತು. ಹುಡುಗನ ಮೇಲಲ್ಲ, ಆ ಒಕ್ಕಣೆಯ ಮೇಲೆ. ಅದನ್ನು ನನ್ನ ಅಪ್ಪನೇ ಒಂದೊಂದು ಅಚ್ಚಿನ ಮೊಳೆ ಆರಿಸಿ ಎಷ್ಟು ಸಲ ಜೋಡಿಸಿದ್ದಾನೋ ಲೆಕ್ಕವಿಲ್ಲ. ಸಾಹುಕಾರರಿಗೆ ಜೋಡಿಸಿದ್ದಾನೆ, ಬಡ್ಡಿ ವ್ಯವಹಾರದವರಿಗೆ ಜೋಡಿಸಿದ್ದಾನೆ, ಹೆಂಡತಿಯನ್ನು ಹೊಡೆಯುತ್ತಾನೆಂದು ಓಣಿಗೆಲ್ಲ ಗೊತ್ತಿದ್ದವನಿಗೂ ‘ಆದರ್ಶ ಪತಿ’ ಎಂದು ಜೋಡಿಸಿದ್ದಾನೆ. ಶಿವಗಣಾರಾಧನೆಯ ಕಾರ್ಡಿನಲ್ಲಿ ಕೆಟ್ಟವರು ಯಾರೂ ಇರುವುದಿಲ್ಲ.

ಅಪ್ಪ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುವ ಕಂಪೋಜಿಟರ್ ಆಗಿದ್ದ. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಪಠ್ಯಪುಸ್ತಕ, ಪಂಚಾಂಗ, ಲಗ್ನಪತ್ರಿಕೆ, ರಸೀದಿ ಪುಸ್ತಕ, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಎಲ್ಲವೂ ಇಲ್ಲಿ ಅಚ್ಚಾಗಿ ಸುತ್ತಲಿನ ಊರುಗಳಿಗೆ ಹೋಗುತ್ತಿತ್ತು. ಅಪ್ಪ ಹದಿನಾರನೆಯ ವಯಸ್ಸಿಗೆ ಸೀಮೆಎಣ್ಣೆಯಲ್ಲಿ ಮೊಳೆ ತೊಳೆಯುವ ಹುಡುಗನಾಗಿ ಸೇರಿದವನು, ಎರಡು ವರ್ಷಕ್ಕೆ ಸಾಲು ಜೋಡಿಸುವ ಸ್ಟಿಕ್ ಹಿಡಿದ. ಎಡಗೈಯಲ್ಲಿ ಸ್ಟಿಕ್, ಎದುರಿಗೆ ಮೊಳೆ ತುಂಬಿದ ಖಾನೆಗಳ ಕೇಸು. ಇಂಗ್ಲಿಷಿಗಾದರೆ ದೊಡ್ಡಕ್ಷರ, ಸಣ್ಣಕ್ಷರ ಸೇರಿ ಐವತ್ತೆರಡು ಖಾನೆಗಳಲ್ಲಿ ಅಕ್ಷರಗಳು ಮುಗಿದವು. ಕನ್ನಡಕ್ಕೆ ಕಾಗುಣಿತ, ಒತ್ತು, ಅರ್ಕಾವತ್ತು ಎಂದು ನೂರಾರು. ಯಾವ ಖಾನೆಯಲ್ಲಿ ಯಾವುದು ಎಂದು ಕಣ್ಣು ಹುಡುಕುತ್ತಿರಲಿಲ್ಲ, ಬೆರಳೇ ಹೋಗುತ್ತಿತ್ತು. ಸ್ಟಿಕ್ಕಿನಲ್ಲಿ ಅಕ್ಷರ ತಲೆಕೆಳಗಾಗಿ ನಿಲ್ಲುತ್ತದೆ. ಅಪ್ಪ ಹಾಗೆಯೇ ಓದುತ್ತಿದ್ದ. ಮನೆಯಲ್ಲಿ ನಾನು ನೆಲಕ್ಕೆ ಪುಸ್ತಕ ಹಾಕಿ ಓದುತ್ತಿದ್ದರೆ ಎದುರಿಗೆ ಕುಳಿತು ರೊಟ್ಟಿ ತಿನ್ನುತ್ತಲೇ “ಮೂರನೆಯ ಸಾಲು ಬಿಟ್ಟೆ ತಂಗೀ” ಎನ್ನುತ್ತಿದ್ದ.

ಏಳನೆಯ ಇಯತ್ತೆಯ ಪರೀಕ್ಷೆಯ ಹಿಂದಿನ ವಾರ ಮಾಲೀಕರು ಬಾಗಿಲು ಹಾಕಿಸಿ ರಾತ್ರಿ ಹೊತ್ತು ಪ್ರಶ್ನೆಪತ್ರಿಕೆ ಕಂಪೋಜ್ ಮಾಡಿಸಿದ್ದರು. ನಾನು ಬರೆಯಬೇಕಾದ ಪತ್ರಿಕೆಯೇ. ಅದು ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆ ವಾರ ನಾನು ಇತಿಹಾಸದಲ್ಲಿ ಬೇಡದ ಪಾಠವನ್ನೇ ಹಿಡಿದು ಕುಳಿತಿದ್ದೆನಂತೆ. ಅಪ್ಪ ಒಂದು ಸಲ ಬಂದು ನೋಡಿ, ಇನ್ನೊಂದು ಸಲ ಬಂದು ನೋಡಿ, ಕೊನೆಗೆ ಕಟ್ಟೆಯ ಮೇಲೆ ಹೋಗಿ ಕುಳಿತನಂತೆ. “ಒಳಗೆ ಇದ್ದರೆ ಬಾಯಿ ಬಿಟ್ಟೇನು ಎಂದು ಹೊರಗೆ ಕುಳಿತಿದ್ದರು” ಎಂದು ಅವ್ವ ನಗುತ್ತಾಳೆ. ನನಗೆ ಇತಿಹಾಸದಲ್ಲಿ ನಲವತ್ತೊಂದು ಬಂತು. ಅದಕ್ಕೆ ಬೈದವನೂ ಅವನೇ!

ಈಗ ಆ ‘ಕಷ್ಟಜೀವಿ’ಯ ವಿಷಯ. ಸತ್ತವನನ್ನು ಹಾಗೆ ಕರೆಯುವುದು ಬದುಕಿರುವವರಿಗೆ ಅನುಕೂಲ ಎಂದು ನನಗೆ ಅನ್ನಿಸುತ್ತದೆ. ಕಷ್ಟಪಟ್ಟ ಎಂದರೆ ಸಾಕು, ಯಾಕೆ ಪಟ್ಟ, ಯಾರಿಗಾಗಿ ಪಟ್ಟ, ಅದಕ್ಕೆ ಏನು ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ. ನಾನು ಕೇಳುತ್ತೇನೆ. ಅಪ್ಪ ಒಂದೇ ಪ್ರೆಸ್ಸಿನಲ್ಲಿ ದುಡಿದದ್ದು ಇಪ್ಪತ್ತೇಳು ವರ್ಷ. ಇಪ್ಪತ್ತು ಜನ ಕೆಲಸಗಾರರಾದರೆ ಭವಿಷ್ಯನಿಧಿ ಕಟ್ಟಬೇಕು ಎಂಬ ಕಾನೂನು ಆಗಲೇ ಇತ್ತು. ಅಲ್ಲಿ ದುಡಿಯುವವರು ಇಪ್ಪತ್ತಾರು ಜನ, ಹಾಜರಿ ಪುಸ್ತಕದಲ್ಲಿ ಮಾತ್ರ ಹದಿನೆಂಟು. ಗ್ರಾಚ್ಯುಟಿ ಕಾನೂನು 1972ರದು, ಅದಕ್ಕೆ ಹತ್ತು ಜನರಿದ್ದರೆ ಸಾಕಿತ್ತು. ವರ್ಷಕ್ಕೆ ಹದಿನೈದು ದಿನದ ಪಗಾರ, ತಿಂಗಳಿಗೆ ಇಪ್ಪತ್ತಾರು ದಿನದ ಲೆಕ್ಕ. ಅಪ್ಪ ಹೋದ ಮೇಲೆ ಒಂದು ರಾತ್ರಿ ನಿದ್ದೆ ಬಾರದೆ ನಾನು ಲೆಕ್ಕ ಹಾಕಿದೆ. ನಾಲ್ಕುನೂರ ಐದು ದಿನ, ಅಂದರೆ ಹದಿನೈದೂವರೆ ತಿಂಗಳ ಪಗಾರ ಬರಬೇಕಿತ್ತು. ಸಿಕ್ಕಿದ್ದು ಒಂದು ಶಾಲು, ಒಂದು ತೆಂಗಿನಕಾಯಿ, ಐದು ಹಣ್ಣು. ಮಾಲೀಕರು ಕೆಟ್ಟವರಾಗಿದ್ದರು ಎನ್ನಲಾರೆ. ನನ್ನ ಲಗ್ನಪತ್ರಿಕೆಯನ್ನು ಪುಕ್ಕಟೆಯಾಗಿ ಹೊಡೆದುಕೊಟ್ಟರು, ಊಟಕ್ಕೂ ಬಂದರು. ಅವರ ಮೇಜಿನ ಹಿಂದೆ ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಫಲಕವಿತ್ತು. ಅದನ್ನು ಜೋಡಿಸಿದವನೂ ಅಪ್ಪನೇ, ಎಪ್ಪತ್ತೆರಡು ಪಾಯಿಂಟಿನ ಮರದ ಅಕ್ಷರಗಳಲ್ಲಿ.

ಮೊಳೆ ಎಂದರೆ ಸೀಸ. ಅದರೊಳಗೆ ಸ್ವಲ್ಪ ತವರ, ಸ್ವಲ್ಪ ಆಂಟಿಮನಿ ಇರುತ್ತದೆ, ಹೆಚ್ಚಿನದೆಲ್ಲ ಸೀಸವೇ. 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸೀಸದ ವಿಷದ್ದು. ಅಪ್ಪನಿಗೆ ಇದ್ದ ಔಷಧ ಸಂಜೆಗೆ ಒಂದು ಉಂಡೆ ಬೆಲ್ಲ. ಯಾರು ಹೇಳಿಕೊಟ್ಟಿದ್ದರೋ, ನಿವೃತ್ತಿಯ ನಂತರವೂ ಬಿಡಲಿಲ್ಲ, ಸಕ್ಕರೆ ಕಾಯಿಲೆ ಬಂದ ಮೇಲೂ ಕದ್ದು ತಿನ್ನುತ್ತಿದ್ದ.

ಇನ್ನು ‘ಆದರ್ಶ ಪತಿ.’ ಇದನ್ನು ಅವ್ವನ ಮುಂದೆ ಓದಿದರೆ ಅವಳು ಹುಬ್ಬು ಏರಿಸಿದಳು. ಅವಳ ದುಡಿಮೆಗೆ ಯಾವ ಹಾಜರಿ ಪುಸ್ತಕವೂ ಇರಲಿಲ್ಲ. ಪ್ರೆಸ್ಸಿನಿಂದ ಸೈಕಲ್ಲಿನ ಕ್ಯಾರಿಯರಿನಲ್ಲಿ ಬರುತ್ತಿದ್ದ ಅಚ್ಚಾದ ಹಾಳೆಗಳನ್ನು ಮಡಚುವವಳು ಅವಳು, ರಸೀದಿ ಪುಸ್ತಕಕ್ಕೆ ದಾರ ಹಾಕುವವಳು ಅವಳು, ಮೈದಾ ಹಿಟ್ಟಿಗೆ ಹುಳ ಬೀಳದಂತೆ ಚಿಟಿಕೆ ಮೈಲುತುತ್ತು ಹಾಕಿ ಅಂಟು ಕುದಿಸುವವಳೂ ಅವಳೇ. ಬೆಟಗೇರಿಯ ಮನೆಗಳಲ್ಲಿ ಮಗ್ಗದ ಸಪ್ಪಳವಾದರೆ ನಮ್ಮ ಮನೆಯಲ್ಲಿ ಕಾಗದದ ಸಪ್ಪಳ. ನಳದ ನೀರು ಹತ್ತು ಹನ್ನೆರಡು ದಿನಕ್ಕೊಮ್ಮೆ, ಅದೂ ನಡುರಾತ್ರಿಯಲ್ಲಿ ಬರುತ್ತಿತ್ತು. ಅವ್ವನ ಕೈ ಅಂಟಾಗಿರುತ್ತಿದ್ದರಿಂದ ಅಪ್ಪ ಕೊಡ ಹೊರುತ್ತಿದ್ದ. ನೀರು ಹೊತ್ತ ಎಂದು ಯಾರೂ ಬ್ಯಾನರ್ ಹಾಕಿಸುವುದಿಲ್ಲ. ನನಗೆ ಮಾತ್ರ, ಅವನು ಗಂಡನಾಗಿ ಮಾಡಿದ ಕೆಲಸಗಳಲ್ಲಿ ಮೊದಲು ಕಣ್ಣಿಗೆ ಬರುವುದು ಅದೇ. ಜಗಳವೂ ಇತ್ತು. ಜಾತ್ರೆಯ ತಿಂಗಳಲ್ಲಿ ಹ್ಯಾಂಡ್‌ಬಿಲ್ಲಿನ ಜೊತೆಗೆ ಬರುವ ಪುಕ್ಕಟೆ ಪಾಸು ಹಿಡಿದು ಒಬ್ಬನೇ ಕಂಪನಿ ನಾಟಕಕ್ಕೆ ಹೋಗಿ ಬೆಳಗಿನ ಜಾವ ಬರುತ್ತಿದ್ದ. ಅವ್ವ ಅದನ್ನು ಇಂದಿಗೂ ಕ್ಷಮಿಸಿಲ್ಲ.

1997ರಲ್ಲಿ ಗದಗ ಬೇರೆ ಜಿಲ್ಲೆಯಾಯಿತು. ಶಾಲೆ, ಸೊಸೈಟಿ, ಅಂಗಡಿ, ಮಠ, ಎಲ್ಲರ ಲೆಟರ್‌ಹೆಡ್ಡಿನಲ್ಲೂ ‘ಜಿ. ಧಾರವಾಡ’ ಹೋಗಿ ‘ಜಿ. ಗದಗ’ ಬರಬೇಕಾಯಿತು. ಅಪ್ಪ ಅಷ್ಟು ಖುಷಿಯಿಂದ ದುಡಿದದ್ದನ್ನು ನಾನು ನೋಡಿರಲಿಲ್ಲ. ‘ಗ’ ಮೊಳೆ ಸಾಲದೆ ಪಕ್ಕದ ಪ್ರೆಸ್ಸಿನಿಂದ ಕಡ ತಂದಿದ್ದರಂತೆ. ಅದೇ ಕೊನೆಯ ಸುಗ್ಗಿ. ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸುವ ಡಿಟಿಪಿ ಬಂತು, ಆಫ್‌ಸೆಟ್ ಬಂತು, ಕೇಸುಗಳು ಮೂಲೆ ಸೇರಿದವು, ಮೊಳೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಅಪ್ಪನನ್ನು ಬೈಂಡಿಂಗ್‌ಗೆ ಹಾಕಿದರು. ಆ ವರ್ಷಗಳ ಬಗ್ಗೆ ಅವನು ಹೆಚ್ಚು ಮಾತಾಡಲಿಲ್ಲ, ನಾನೂ ಬರೆಯುವುದಿಲ್ಲ.

ಆದರೆ ತಿದ್ದುವ ಕಣ್ಣು ಹೋಗಲಿಲ್ಲ. ಅವನ ಜೊತೆ ಪೇಟೆಯಲ್ಲಿ ನಡೆಯುವುದೆಂದರೆ ಊರನ್ನೆಲ್ಲ ಪ್ರೂಫ್ ನೋಡಿದ ಹಾಗೆ. ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ‘ಶ್ರದ್ದಾಂಜಲಿ’ಯ ಮೇಲೆ. ಅದು ಶ್ರದ್ಧಾಂಜಲಿ. ಒತ್ತು ‘ಧ’ಕ್ಕೆ ಅಡಿಯಲ್ಲಿ ಒಂದು ಸೀಳು ಬೇಕು, ಕೂದಲೆಳೆಯಷ್ಟು. ಮೊಳೆಯ ಕಾಲದಲ್ಲಿ ಆ ಸೀಳಿಗೆ ಮಸಿ ತುಂಬಿ ಮುಚ್ಚಿಹೋಗುತ್ತಿತ್ತು. ಅಪ್ಪ ಅವ್ವನ ಹೊಲಿಗೆ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು ಹೋಗಿ, ಮುದ್ರಣಕ್ಕೆ ಮೊದಲು ಅದನ್ನು ಕೆರೆದು ಬಿಡಿಸುತ್ತಿದ್ದ. ಬ್ಯಾನರುಗಳಲ್ಲಿ ಅದು ಮಾಯವಾದಾಗ ದಾರಿಯಲ್ಲೇ ನಿಂತು ಹೇಳುತ್ತಿದ್ದ: “ಪಾಪ, ಪ್ರಾಣ ಹೋದವನು. ಅವನಿಗೆ ಒಂದು ಮಹಾಪ್ರಾಣವನ್ನಾದರೂ ಕೊಡಬಾರದೇ?”

ಕೊನೆಗೆ ನಾವು ಬರೆಸಿದ್ದು ಇಷ್ಟು: ಶ್ರದ್ಧಾಂಜಲಿ, ಹೆಸರು, ಎರಡು ತಾರೀಖು, ‘ಅಕ್ಷರ ಜೋಡಿಸುತ್ತಿದ್ದರು’. ಉಳಿದ ಜಾಗ ಖಾಲಿ ಕಾಣುತ್ತದೆ ಎಂದು ಹುಡುಗ ಒದ್ದಾಡಿದ. ಇರಲಿ ಬಿಡು ಎಂದೆ. ಮೋಡವನ್ನೂ ತೆಗೆಸಿದೆ.

ನಿನ್ನೆ ಬ್ಯಾನರ್ ತರಲು ಹೋದೆವು. ಸುರುಳಿ ಬಿಚ್ಚಿದ ಕೂಡಲೇ ತಮ್ಮ ಚೆನ್ನಾಗಿದೆ ಎಂದ, ನಾನೂ ಹೌದೆಂದೆ. ನಾನು ಕನ್ನಡ ಎಂ.ಎ. ಓದಿದವಳು. ಅವ್ವ ಓದಿದ್ದು ಮೂರನೆಯ ಇಯತ್ತೆ. ಅವಳು ಕನ್ನಡಕ ಏರಿಸಿ, ಬಗ್ಗಿ, ಮೊದಲ ಸಾಲಿನ ಮೇಲೆ ಬೆರಳು ಎಳೆದು ‘ದ್ದಾ’ದ ಕೆಳಗೆ ನಿಲ್ಲಿಸಿದಳು. “ಇಲ್ಲಿ ಸೀಳು ಇಲ್ಲ” ಎಂದಳು.

“ಅಷ್ಟು ಸಣ್ಣದನ್ನು ಯಾರು ನೋಡುತ್ತಾರೆ ಅಮ್ಮಾ” ಎಂದ ಹುಡುಗ. ಮತ್ತೆ ಮುದ್ರಿಸಬೇಕಾದರೆ ಇನ್ನೊಂದು ಬ್ಯಾನರಿನ ದುಡ್ಡು ಎಂದ. ಅಕ್ಷರ ಬರೆದದ್ದು ನೀನು, ನಾವೇಕೆ ಕೊಡಬೇಕು ಎಂದು ನಾನು ವಾದಕ್ಕೆ ಇಳಿದೆ. ಕೊತ್ತಂಬರಿ ಸೊಪ್ಪಿಗೂ ಚೌಕಾಶಿ ಮಾಡದೆ ಬಿಡದ ಅವ್ವ ಅಷ್ಟರಲ್ಲಿ ಸೊಂಟದ ಚೀಲದಿಂದ ನೋಟು ತೆಗೆದು ಎಣಿಸುತ್ತಿದ್ದಳು.